ಸಾಕು ಬೆಕ್ಕಿನ ಆಕ್ರಮಣಕಾರಿ ವರ್ತನೆ: ಕಾರಣಗಳು ಹಾಗೂ ನಿರ್ವಹಣಾ ಕ್ರಮಗಳು

ಕೋಲಾರ ತಾಲ್ಲೂಕಿನ ವೇಮಗಲ್ ಹೋಬಳಿಯಲ್ಲಿ ರಾಗಿ, ಟೊಮೆಟೊ, ಹಿಪ್ಪುನೇರಳೆ ಬೇಸಾಯ ಮತ್ತು ಹೈನುಗಾರಿಕೆಯನ್ನು ಅವಲಂಬಿಸಿದ ಕುಟುಂಬಗಳು ಹೆಚ್ಚು. ಇಂತಹ ಮನೆಗಳಲ್ಲಿ ರಾಗಿ ಮೂಟೆ, ಪಶು ಆಹಾರ ಹಾಗೂ ರೇಷ್ಮೆ ಗೂಡುಗಳನ್ನು ಇಲಿ, ಹೆಗ್ಗಣಗಳಿಂದ ಕಾಪಾಡಲು ಬೆಕ್ಕನ್ನು ಸಾಕುವುದು ರೂಢಿ. ಬೆಕ್ಕು ಒಮ್ಮೆ ಕಚ್ಚಿತೆಂದರೆ ಅದನ್ನು ಹೊಡೆಯುವುದು ಅಥವಾ ಚೀಲದಲ್ಲಿ ಕಟ್ಟಿ ದೂರದ ಊರಿಗೆ ಬಿಟ್ಟು ಬರುವುದು ಸಾಮಾನ್ಯ. ಇವೆರಡೂ ತಪ್ಪು ಕ್ರಮಗಳು. ಹೊಡೆತದಿಂದ ಭಯ ಹೆಚ್ಚಿ ಆಕ್ರಮಣವೂ ಹೆಚ್ಚುತ್ತದೆ. ಬೆಕ್ಕನ್ನು ದೂರ ಬಿಟ್ಟರೆ ಅದಕ್ಕೆ ರೇಬೀಸ್ ಇತ್ತೇ ಇಲ್ಲವೇ ಎಂದು ತಿಳಿಯುವ ಅವಕಾಶವೇ ತಪ್ಪಿಹೋಗುತ್ತದೆ.

ಮುನ್ಸೂಚನೆಗಳು

ಬಹುತೇಕ ಬೆಕ್ಕುಗಳು ಕಚ್ಚುವ ಮೊದಲು ಎಚ್ಚರಿಕೆ ನೀಡುತ್ತವೆ. ಕಿವಿಗಳನ್ನು ಹಿಂದಕ್ಕೆ ಮಡಚುವುದು, ಕಣ್ಣಿನ ಪಾಪೆ ಹಿಗ್ಗುವುದು, ಬಾಲವನ್ನು ಜೋರಾಗಿ ಬಡಿಯುವುದು, ಮೈ ಕೂದಲು ನಿಮಿರುವುದು, ಬುಸುಗುಟ್ಟುವುದು ಮತ್ತು ಗುರುಗುಟ್ಟುವುದು ಮುಖ್ಯ ಲಕ್ಷಣಗಳು. ಈ ಹಂತದಲ್ಲಿ ಬೆಕ್ಕನ್ನು ಮುಟ್ಟದೆ, ದಿಟ್ಟಿಸಿ ನೋಡದೆ ನಿಧಾನವಾಗಿ ಹಿಂದೆ ಸರಿಯಬೇಕು.

ಪ್ರಮುಖ ಕಾರಣಗಳು

1. ಭಯ: ಮೂಲೆಗೆ ಸಿಲುಕಿ ತಪ್ಪಿಸಿಕೊಳ್ಳಲು ದಾರಿಯಿಲ್ಲದ ಬೆಕ್ಕು ಎರಗುತ್ತದೆ. ಹುಳು ಸಾಕಣೆ ಮನೆಯೊಳಗೆ ನುಗ್ಗಿದ ಬೆಕ್ಕನ್ನು ಬಾಗಿಲು ಮುಚ್ಚಿ ಕೋಲಿನಿಂದ ಅಟ್ಟಬಾರದು. ಬಾಗಿಲು ತೆರೆದಿಟ್ಟು ಹೊರಬರಲು ಬಿಡಬೇಕು.

2. ನೋವು: ರಾತ್ರಿ ಕಾದಾಡಿ ಬಂದ ಗಂಡು ಬೆಕ್ಕಿಗೆ ಚರ್ಮದಡಿ ಕೀವು ಕಟ್ಟಿರಬಹುದು. ಮೇಲೆ ಗಾಯ ಕಾಣದಿದ್ದರೂ ಆ ಭಾಗ ಮುಟ್ಟಿದೊಡನೆ ಕಚ್ಚುತ್ತದೆ. ಹಲ್ಲು, ಕಿವಿ ಮತ್ತು ಕೀಲುಗಳ ನೋವಿನಿಂದಲೂ ಹೀಗಾಗುತ್ತದೆ. ಸಾಧುವಾಗಿದ್ದ ಬೆಕ್ಕು ದಿಢೀರನೆ ಸಿಡುಕಾದರೆ ಮೊದಲು ಪಶುವೈದ್ಯರಿಗೆ ತೋರಿಸಬೇಕು.

3. ಮರಿಗಳ ರಕ್ಷಣೆ: ಅಟ್ಟದಲ್ಲಿ ಅಥವಾ ಹುಲ್ಲಿನ ಮೆದೆಯಲ್ಲಿ ಮರಿ ಹಾಕಿದ ತಾಯಿ ಬೆಕ್ಕು ಯಾರನ್ನೂ ಹತ್ತಿರ ಸೇರಿಸುವುದಿಲ್ಲ. ಮರಿಗಳು ದೊಡ್ಡದಾದಂತೆ ಇದು ತಾನಾಗಿಯೇ ಕಡಿಮೆಯಾಗುತ್ತದೆ.

4. ಆಹಾರದ ಪೈಪೋಟಿ: ಹಾಲು ಕರೆಯುವ ವೇಳೆಗೆ ಕೊಟ್ಟಿಗೆಯಲ್ಲಿ ಹಲವು ಬೆಕ್ಕುಗಳು ಸೇರುತ್ತವೆ. ಒಂದೇ ತಟ್ಟೆಯಲ್ಲಿ ಹಾಲಿಟ್ಟರೆ ಕಾದಾಟ ನಿಶ್ಚಿತ. ಬಿಡಿಸಲು ಕೈ ಹಾಕಿದವರಿಗೇ ಕಡಿತವಾಗುತ್ತದೆ.

5. ತಿರುಗಿದ ಕೋಪ: ಹೊರಗಿನ ಬೆಕ್ಕು ಅಥವಾ ನಾಯಿಯನ್ನು ಕಂಡು ಕೆರಳಿದ ಬೆಕ್ಕು ಆ ಕ್ಷಣದಲ್ಲಿ ಪಕ್ಕದಲ್ಲಿರುವ ಮನೆಯವರ ಮೇಲೆಯೇ ಎರಗಬಹುದು.

6. ಮರಿಯಾಗಿದ್ದಾಗಿನ ಅಭ್ಯಾಸ: ಬೆಕ್ಕಿನ ಮರಿಗೆ 2ರಿಂದ 7 ವಾರಗಳ ಅವಧಿ ಮನುಷ್ಯರ ಒಡನಾಟ ಕಲಿಯುವ ಕಾಲ. ಆಗ ಮುಟ್ಟಿ ಆರೈಕೆ ಮಾಡದ ಮರಿ ಮುಂದೆ ಅಂಜುಬುರುಕವಾಗುತ್ತದೆ. ಬೆರಳಾಡಿಸಿ ಆಟ ಕಲಿಸಿದ ಮರಿ ಬೆಳೆದ ಮೇಲೂ ಕೈಯನ್ನೇ ಕಚ್ಚುತ್ತದೆ.

ನಿರ್ವಹಣಾ ಕ್ರಮಗಳು

• 8 ವಾರ ತುಂಬುವ ಮೊದಲು ಮರಿಯನ್ನು ತಾಯಿಯಿಂದ ಬೇರ್ಪಡಿಸಬಾರದು.
• ಆಟಕ್ಕೆ ಹಗ್ಗದ ತುದಿ ಅಥವಾ ಬಟ್ಟೆಯ ಉಂಡೆ ಬಳಸಿ; ಕೈಕಾಲುಗಳನ್ನು ಬಳಸಬೇಡಿ.
• ಪ್ರತಿ ಬೆಕ್ಕಿಗೂ ಪ್ರತ್ಯೇಕ ತಟ್ಟೆಯನ್ನು ಪರಸ್ಪರ ದೂರದಲ್ಲಿಡಿ.
• ಏರಿ ಕೂರಲು ಎತ್ತರದ ಜಾಗ, ಅಡಗಲು ಹಳೆಯ ಪೆಟ್ಟಿಗೆ ಒದಗಿಸಿ.
• ಕಾದಾಟವನ್ನು ಕೈಯಿಂದ ಬಿಡಿಸದೆ, ನಡುವೆ ಮೊರ ಅಥವಾ ರಟ್ಟು ಹಿಡಿದು ಬೇರ್ಪಡಿಸಿ.
• 5–6 ತಿಂಗಳ ವಯಸ್ಸಿನಲ್ಲಿ ಸಂತಾನಹರಣ ಶಸ್ತ್ರಚಿಕಿತ್ಸೆ ಮಾಡಿಸಿದರೆ ಗಂಡು ಬೆಕ್ಕುಗಳ ಅಲೆದಾಟ, ಕಾದಾಟ ಬಹಳಷ್ಟು ತಗ್ಗುತ್ತದೆ.
• ನೋವಿಗೆಂದು ಮನುಷ್ಯರ ಪ್ಯಾರಾಸಿಟಮಾಲ್ ಮಾತ್ರೆ ಕೊಡಬೇಡಿ. ಅದು ಬೆಕ್ಕಿಗೆ ಮಾರಕ ವಿಷ.
• ಬೆಕ್ಕಿರುವ ಮನೆಯಲ್ಲಿ ಇಲಿ ಪಾಷಾಣದ ಬದಲು ಇಲಿ ಬೋನು ಬಳಸಿ. ಪಾಷಾಣ ತಿಂದ ಇಲಿಯನ್ನು ತಿಂದರೆ ಬೆಕ್ಕಿಗೂ ವಿಷವೇರುತ್ತದೆ.

ರೇಬೀಸ್ ಶಂಕೆ ಯಾವಾಗ?

ಯಾವ ಪ್ರಚೋದನೆಯೂ ಇಲ್ಲದೆ ಮೈಮೇಲೆರಗುವುದು, ಜೊಲ್ಲು ಸುರಿಸುವುದು, ದನಿ ಬದಲಾಗುವುದು, ನುಂಗಲಾಗದಿರುವುದು, ಹಿಂಗಾಲು ಎಳೆಯುವುದು ಕಂಡರೆ ರೇಬೀಸ್ ಇರಬಹುದೆಂದೇ ಭಾವಿಸಬೇಕು. ರೇಬೀಸ್ ತಗುಲಿದ ಬೆಕ್ಕುಗಳಲ್ಲಿ ಉಗ್ರ ರೂಪವೇ ಹೆಚ್ಚು. ಅಂತಹ ಬೆಕ್ಕನ್ನು ಹಿಡಿಯಲು ಹೋಗದೆ, ಸಾಧ್ಯವಾದರೆ ಇರುವ ಕೋಣೆಯ ಬಾಗಿಲು ಮುಚ್ಚಿ ಪಶು ಆಸ್ಪತ್ರೆಗೆ ತಿಳಿಸಿ. ಸತ್ತ ಬೆಕ್ಕನ್ನು ಬರಿಗೈಯಲ್ಲಿ ಮುಟ್ಟಬೇಡಿ.

ಕಚ್ಚಿದಾಗ ಅಥವಾ ಪರಚಿದಾಗ

1. ಗಾಯವನ್ನು ತಕ್ಷಣ ಸೋಪು ಹಚ್ಚಿ, ಹರಿಯುವ ನೀರಿನಲ್ಲಿ 15 ನಿಮಿಷ ತೊಳೆಯಿರಿ. ಸುಣ್ಣ, ಅರಿಶಿನ, ಮೆಣಸಿನಪುಡಿ, ಕಾಫಿಪುಡಿ ಹಚ್ಚಬೇಡಿ.
2. ಅದೇ ದಿನ ಸರ್ಕಾರಿ ಆಸ್ಪತ್ರೆಗೆ ಹೋಗಿ. ಚರ್ಮದೊಳಗೆ ನೀಡುವ ಲಸಿಕೆಯನ್ನು 0, 3, 7 ಮತ್ತು 28ನೇ ದಿನ ಪಡೆಯಬೇಕು. ಸ್ನಾಯುವಿಗೆ ನೀಡುವುದಾದರೆ 14ನೇ ದಿನವೂ ಒಂದು ಲಸಿಕೆ ಇರುತ್ತದೆ. ರಕ್ತ ಬಂದ ಗಾಯಕ್ಕೆ ವೈದ್ಯರ ಸಲಹೆಯಂತೆ ಇಮ್ಯುನೊಗ್ಲಾಬ್ಯುಲಿನ್ ಸಹ ಅಗತ್ಯ.
3. ಕಚ್ಚಿದ ಬೆಕ್ಕನ್ನು ಕೊಲ್ಲದೆ, ಓಡಿಸದೆ 10 ದಿನ ಗಮನಿಸಿ. ಅಷ್ಟು ದಿನ ಅದು ಆರೋಗ್ಯವಾಗಿದ್ದರೆ ಮುಂದಿನ ಲಸಿಕೆಗಳ ಬಗ್ಗೆ ವೈದ್ಯರು ನಿರ್ಧರಿಸುತ್ತಾರೆ. ಆದರೆ ಫಲಿತಾಂಶಕ್ಕೆ ಕಾಯುತ್ತಾ ಮೊದಲ ಲಸಿಕೆಯನ್ನು ಮುಂದೂಡಬಾರದು. ಲಕ್ಷಣಗಳು ಕಾಣಿಸಿಕೊಂಡ ಬಳಿಕ ರೇಬೀಸ್‌ನಿಂದ ಬದುಕುಳಿಯುವುದು ಅತ್ಯಂತ ವಿರಳ.
4. ಬೆಕ್ಕಿನ ಹಲ್ಲು ಸೂಜಿಯಂತೆ ಆಳಕ್ಕಿಳಿಯುವುದರಿಂದ ಗಾಯ ಚಿಕ್ಕದಾಗಿ ಕಂಡರೂ ಒಳಗೆ ಸೋಂಕಾಗಬಹುದು. ಊತ, ಕೆಂಪು, ಜ್ವರ ಕಂಡರೆ ಮತ್ತೆ ವೈದ್ಯರನ್ನು ಕಾಣಿ.

ವಿಸ್ತರಣಾ ಕಾರ್ಯಕರ್ತರ ಗಮನಕ್ಕೆ

ಗ್ರಾಮ ಸಭೆಗಳಲ್ಲಿ ರೇಬೀಸ್ ಕುರಿತು ಮಾತನಾಡುವಾಗ ನಾಯಿಯ ಜೊತೆಗೆ ಬೆಕ್ಕನ್ನೂ ಹೆಸರಿಸಿ. ಪರಚಿದ ಗಾಯವನ್ನು ಮಕ್ಕಳು ಬೈಗುಳಕ್ಕೆ ಹೆದರಿ ಮುಚ್ಚಿಡುತ್ತಾರೆ. ಆದ್ದರಿಂದ ಶಾಲೆಗಳಲ್ಲಿಯೂ ತಿಳಿವಳಿಕೆ ನೀಡುವುದು ಅವಶ್ಯ. ಬೆಕ್ಕಿಗೆ 3 ತಿಂಗಳಲ್ಲಿ ಮೊದಲ ರೇಬೀಸ್ ಲಸಿಕೆ, ನಂತರ ಪ್ರತಿ ವರ್ಷ ಮರುಲಸಿಕೆ ಹಾಕಿಸಲು ಪ್ರೇರೇಪಿಸಿ. ಸೆಪ್ಟೆಂಬರ್ 28ರ ವಿಶ್ವ ರೇಬೀಸ್ ದಿನವನ್ನು ಇದಕ್ಕೆ ಬಳಸಿಕೊಳ್ಳಬಹುದು. ಪಶುವೈದ್ಯಕೀಯ ನೆರವಿಗೆ ಸಮೀಪದ ಪಶು ಆಸ್ಪತ್ರೆ ಅಥವಾ ಸಹಾಯವಾಣಿ 1962 ಅನ್ನು ಸಂಪರ್ಕಿಸಿ.