ಮಾಟುಂಗಾದ ಪ್ರಯೋಗಶಾಲೆಯೂ ಹತ್ತಿಯ ಎಳೆಯ ಪರೀಕ್ಷೆಯೂ

ಹತ್ತಿಯ ವ್ಯಾಪಾರದಲ್ಲಿ ಗುಣನಿರ್ಣಯವೆಂಬುದು ಬಹುಕಾಲ ಕೈಬೆರಳಿನ ವಿದ್ಯೆಯಾಗಿತ್ತು. ಸುರಿದ ಅರಳೆಯ ರಾಶಿಯಿಂದ ಒಂದು ಹಿಡಿಯನ್ನೆತ್ತಿ, ಎರಡು ಹೆಬ್ಬೆರಳುಗಳ ನಡುವೆ ಹಿಡಿದೆಳೆದು, ಎಳೆದ ಕುಚ್ಚನ್ನು ಮತ್ತೆ ಮತ್ತೆ ಒಂದರ ಮೇಲೊಂದಿಟ್ಟು ಸಮಗೊಳಿಸಿ, ಅದರ ಉದ್ದವನ್ನೂ ಬಿಗಿಯನ್ನೂ ನುಣುಪನ್ನೂ ಕ್ಷಣಮಾತ್ರದಲ್ಲಿ ಹೇಳಬಲ್ಲ ಪರಿಣತರು ಹುಬ್ಬಳ್ಳಿ ಗದಗುಗಳ ಪೇಟೆಗಳಲ್ಲಿಯೂ ಇದ್ದರು, ಮುಂಬಯಿಯಲ್ಲಿಯೂ ಲಿವರ್‌ಪೂಲಿನಲ್ಲಿಯೂ ಇದ್ದರು. ಅವರ ನಿರ್ಣಯವು ಪ್ರಾಯಶಃ ಸರಿಯಾಗಿಯೇ ಇರುತ್ತಿತ್ತೆಂದು ಒಪ್ಪಬೇಕು. ಆದರೆ ಅದನ್ನು ಬರೆದಿಡುವಂತಿರಲಿಲ್ಲ, ಈ ವರ್ಷದ ಸುಗ್ಗಿಯನ್ನು ಹತ್ತು ವರ್ಷಗಳ ಹಿಂದಣ ಸುಗ್ಗಿಯೊಡನೆ ಹೋಲಿಸುವಂತಿರಲಿಲ್ಲ, ಮೇಲಾಗಿ ಕೊಳ್ಳುವವನ ಬೆರಳೂ ಮಾರುವವನ ಬೆರಳೂ ಭಿನ್ನವಾಗಿ ನುಡಿದಾಗ ನಡುವೆ ನ್ಯಾಯ ಹೇಳುವ ಮೂರನೆಯ ಪ್ರಮಾಣವೊಂದು ಇರಲಿಲ್ಲ.

ಈ ಕೊರತೆಯ ಫಲವನ್ನು ಧಾರವಾಡ ಸೀಮೆ ಚೆನ್ನಾಗಿಯೇ ಉಂಡಿತ್ತು. ಆ ಪ್ರಾಂತದ ಮೂಲ ಹತ್ತಿ, ತಾನು ಹಡಗೇರುತ್ತಿದ್ದ ಉತ್ತರ ಕನ್ನಡದ ಬಂದರಿನಿಂದ, ಪರದೇಶದ ಪೇಟೆಗಳಲ್ಲಿ ಕುಮಟಾ ಎಂಬ ಹೆಸರನ್ನೇ ಪಡೆದಿತ್ತು. 1840ರ ದಶಕದಲ್ಲಿ ಹುಬ್ಬಳ್ಳಿಯ ಸಮೀಪದ ಕುಸುಗಲ್ಲಿನಲ್ಲಿಯೂ ಸುತ್ತಣ ಹೊಲಗಳಲ್ಲಿಯೂ ಅಮೆರಿಕದ ನ್ಯೂ ಆರ್ಲಿಯನ್ಸ್ ಬೀಜವನ್ನು ಬಿತ್ತಿ ನೋಡಲಾಗಿ, ಭರತಖಂಡದ ಇತರ ಅನೇಕ ಕಡೆಗಳಲ್ಲಿ ಸೋತ ಆ ಬೀಜ ಇಲ್ಲಿನ ಎರೆಭೂಮಿಗೆ ಒಗ್ಗಿ ಧಾರವಾಡ-ಅಮೆರಿಕನ್ ಎಂದು ಪ್ರಸಿದ್ಧವಾಯಿತು. ಎರಡು ಜಾತಿಗಳು ಒಂದೇ ಸೀಮೆಯಲ್ಲಿ ಬೆಳೆದು, ಒಂದಕ್ಕೆ ಹೆಚ್ಚು ಬೆಲೆಯೂ ಇನ್ನೊಂದಕ್ಕೆ ಕಡಮೆ ಬೆಲೆಯೂ ದೊರೆಯುವಲ್ಲಿ ಬೆರಕೆ ಆಗದಿರುವುದು ಹೇಗೆ? ಮುಂಬಯಿ ಸರಕಾರ 1863ರಲ್ಲಿ ಹತ್ತಿಯ ಮೋಸವನ್ನು ತಡೆಯುವ ಕಾಯಿದೆಯನ್ನೇ ಮಾಡಬೇಕಾಯಿತು. ಕಾಯಿದೆ ಅಪರಾಧಿಯನ್ನು ಶಿಕ್ಷಿಸಬಲ್ಲುದು, ಎಳೆಯನ್ನು ಅಳೆಯಲಾರದು.

ಅಳತೆಯ ಪ್ರಶ್ನೆ ವ್ಯಾಪಾರಿಗಿಂತ ಮಿಗಿಲಾಗಿ ಬೀಜತಜ್ಞನನ್ನು ಕಾಡಿತು. ಇಪ್ಪತ್ತನೆಯ ಶತಮಾನದ ಮೊದಲ ದಶಕಗಳಲ್ಲಿ ಧಾರವಾಡದ ಕೃಷಿಕ್ಷೇತ್ರದಲ್ಲಿ ಜಿ. ಎಲ್. ಕೊಟ್ಟೂರರು ಮೊದಲಾದವರು ಕುಮಟಾ ಹತ್ತಿಯಿಂದ ಧಾರವಾಡ 1 ಎಂಬುದನ್ನೂ ಧಾರವಾಡ-ಅಮೆರಿಕನ್ ಹತ್ತಿಯಿಂದ ಗದಗ 1 ಎಂಬುದನ್ನೂ ಆರಿಸಿ ತೆಗೆದರು. ಆರಿಸಿದ ಒಂದೊಂದು ಗಿಡದಿಂದ ಸಿಕ್ಕುವುದು ಕೆಲವೇ ಹಿಡಿಯಷ್ಟು ಅರಳೆ. ಅದು ಒಳ್ಳೆಯದೋ ಅಲ್ಲವೋ ಎಂಬುದನ್ನು ಗಿರಣಿಯವರನ್ನು ಕೇಳೋಣವೆಂದರೆ ಅವರಿಗೆ ಬೇಲುಗಟ್ಟಲೆ ಬೇಕು. ಬೇಲುಗಟ್ಟಲೆ ಬೆಳೆಯುವ ಹೊತ್ತಿಗೆ ಹಲವು ವರ್ಷಗಳು ಕಳೆದುಹೋಗಿ, ನಿರ್ಣಯ ಪ್ರತಿಕೂಲವಾದಲ್ಲಿ ಆ ವರ್ಷಗಳ ಶ್ರಮವೆಲ್ಲ ವ್ಯರ್ಥ. 1917ರಲ್ಲಿ ನೇಮಕವಾದ ಭಾರತೀಯ ಹತ್ತಿ ಸಮಿತಿಯ ಸಲಹೆಯಂತೆ 1921ರಲ್ಲಿ ಕೇಂದ್ರ ಹತ್ತಿ ಸಮಿತಿ ಸ್ಥಾಪಿತವಾಗಿ, 1923ರ ಕಾಯಿದೆಯಿಂದ ಬೇಲುಗಳ ಮೇಲೆ ಕರವೊಂದು ವಿಧಿಸಲ್ಪಟ್ಟು, ಆ ಹಣದಿಂದ 1924ರಲ್ಲಿ ಮುಂಬಯಿಯ ಮಾಟುಂಗಾದಲ್ಲಿ ತಾಂತ್ರಿಕ ಪ್ರಯೋಗಶಾಲೆ ಆರಂಭವಾದುದು ಮುಖ್ಯವಾಗಿ ಈ ಬಿಕ್ಕಟ್ಟಿನ ಪರಿಹಾರಕ್ಕೆಂದೇ.

ಪ್ರಯೋಗಶಾಲೆಯ ಮೊದಲ ನಿರ್ದೇಶಕರಾದ ಎ. ಜೆ. ಟರ್ನರರು ಎಳೆಯನ್ನು ಅಳೆಯುವುದಕ್ಕೆ ಮುಂಚೆ ನೂಲನ್ನು ತೆಗೆಯುವ ಏರ್ಪಾಡನ್ನು ಭದ್ರಪಡಿಸಿದರು. ಆ ಸಂಸ್ಥೆಯ ಹಿರಿಮೆಗೆ ಇದೇ ಮೂಲವೆಂದು ನಾನು ತಿಳಿಯುತ್ತೇನೆ. ಅಲ್ಪಪ್ರಮಾಣದ ಅರಳೆಯನ್ನು ಗಿರಣಿಯ ಕ್ರಮದಲ್ಲಿಯೇ ಹಿಂಜಿ, ಹದಗೊಳಿಸಿ, ಬೇರೆ ಬೇರೆ ನಂಬರುಗಳಿಗೆ ನೂತು, ಆ ನೂಲಿನ ಲಡಿಗಳನ್ನು ಯಂತ್ರದಲ್ಲಿ ಹರಿದು ಬಲವನ್ನು ಗುರುತಿಸುವುದು ಅಲ್ಲಿನ ಪದ್ಧತಿ. ಒಂದು ಪೌಂಡು ನೂಲಿನಲ್ಲಿ 840 ಗಜದ ಲಡಿಗಳು ಎಷ್ಟಿರುವುವೋ ಅಷ್ಟು ಆ ನೂಲಿನ ನಂಬರು. ಎಂದರೆ ನಂಬರು ಏರಿದಂತೆ ನೂಲು ತೆಳುವಾಗುತ್ತದೆ. ಗೊತ್ತುಪಡಿಸಿದ ಬಲವನ್ನು ಕಳೆದುಕೊಳ್ಳದೆ ಒಂದು ಹತ್ತಿಯನ್ನು ಯಾವ ನಂಬರಿನವರೆಗೆ ಹಾಸುನೂಲಾಗಿ ನೂಲಬಹುದೋ ಆ ಪರಮಾವಧಿಯನ್ನೇ ಆ ಹತ್ತಿಯ ಯೋಗ್ಯತೆಯೆಂದು ಸಾರುವ ರೂಢಿ ಮಾಟುಂಗಾದ ವರದಿಗಳಲ್ಲಿ ನೆಲೆಗೊಂಡಿತು. ಹತ್ತಿ ಗಾಳಿಯ ತೇವವನ್ನು ಹೀರುವ ವಸ್ತು. ತೇವ ಹೆಚ್ಚಿದಾಗ ಅದರ ಬಲವೂ ಹೆಚ್ಚುತ್ತದೆ. ಆದಕಾರಣ ಕೋಣೆಯ ಉಷ್ಣವನ್ನೂ ಆರ್ದ್ರತೆಯನ್ನೂ ಒಂದೇ ಮಟ್ಟದಲ್ಲಿ ನಿಲ್ಲಿಸದಿದ್ದರೆ ಮುಂಬಯಿಯ ಮಳೆಗಾಲದ ಪರೀಕ್ಷೆಗೂ ಬೇಸಗೆಯ ಪರೀಕ್ಷೆಗೂ ತಾಳೆಯೇ ಬೀಳದು.

ಇನ್ನು ಎಳೆಯ ವಿಚಾರ. ಹತ್ತಿಯ ಎಳೆಯೆಂದರೆ ಬೀಜದ ಹೊರಚರ್ಮದಿಂದ ಹೊರಟ ಒಂದೇ ಒಂದು ಜೀವಕೋಶ. ಅದು ಹೂ ಅರಳಿದ ಮೇಲೆ ಮೊದಲ ಕೆಲವು ವಾರ ಉದ್ದಕ್ಕೆ ಬೆಳೆದು, ಅನಂತರ ತನ್ನ ಭಿತ್ತಿಯ ಒಳಮೈಗೆ ಪದರಪದರವಾಗಿ ಸೆಲ್ಯುಲೋಸನ್ನು ಕೂಡಿಸಿಕೊಳ್ಳುತ್ತ ದಪ್ಪವಾಗುತ್ತದೆ. ಈಜಿಪ್ತದಲ್ಲಿ ದುಡಿದ ಲಾರೆನ್ಸ್ ಬಾಲ್ಸರು ಎಳೆಯನ್ನು ಉಬ್ಬಿಸಿ ನೋಡಿ, ಆ ಪದರಗಳು ದಿನಕ್ಕೊಂದರಂತೆ ಬೆಳೆದವೆಂದು ತೋರಿಸಿದ್ದರು. ಕಾಯಿ ಒಡೆದು ಬಿಸಿಲಿಗೆ ಒಣಗಿದೊಡನೆ ಈ ಕೊಳವೆ ಚಪ್ಪಟೆಯಾಗಿ ತಿರುಚಿಕೊಳ್ಳುತ್ತದೆ. ನೂಲುವಾಗ ಒಂದೆಳೆ ಇನ್ನೊಂದನ್ನು ಹಿಡಿದುಕೊಳ್ಳಲು ಆ ತಿರುಚೇ ನೆರವು. ಆದರೆ ಮಳೆ ಕೈಕೊಟ್ಟಾಗ, ರೋಗ ಹೊಕ್ಕಾಗ, ಭಿತ್ತಿ ದಪ್ಪವಾಗುವ ಮೊದಲೇ ಕಾಯಿ ಒಡೆಯುವುದುಂಟು. ಅಂಥ ಅಪಕ್ವ ಎಳೆ ಕಣ್ಣಿಗೆ ನಯವಾಗಿಯೇ ಕಾಣುತ್ತದೆ. ಗಿರಣಿಯಲ್ಲಿ ಅದು ಗಂಟುಗಂಟಾಗಿ ಸುತ್ತಿಕೊಂಡು, ಬಣ್ಣವನ್ನು ಸರಿಯಾಗಿ ಹಿಡಿಯದೆ ಬಟ್ಟೆಯನ್ನು ಕೆಡಿಸುತ್ತದೆ. ಪೇಟೆಯ ಪರಿಣತನ ಬೆರಳು ಮೋಸಹೋಗುತ್ತಿದ್ದುದು ವಿಶೇಷವಾಗಿ ಇಲ್ಲಿಯೇ.

ಕೇಂಬ್ರಿಜಿನಲ್ಲಿ ರುದರ್‌ಫರ್ಡರ ಬಳಿ ಭೌತವಿಜ್ಞಾನವನ್ನು ಅಭ್ಯಾಸಮಾಡಿ ಬಂದು, ಟರ್ನರರ ತರುವಾಯ ನಿರ್ದೇಶಕರಾದ ನಜೀರ್ ಅಹಮದರೂ ಅವರ ಸಹೋದ್ಯೋಗಿ ಎ. ಎನ್. ಗುಲಾಟಿಯವರೂ 1935ರಲ್ಲಿ ಪ್ರಕಟಿಸಿದ ಅಧ್ಯಯನ ಈ ಅಪಕ್ವತೆಯನ್ನು ಅಳತೆಗೆ ತಂದಿತು. ಎಳೆಗಳನ್ನು ಶೇಕಡಾ 18ರ ಕಾಸ್ಟಿಕ್ ಸೋಡಾ ದ್ರಾವಣದಲ್ಲಿ ಉಬ್ಬಿಸಿ ಸೂಕ್ಷ್ಮದರ್ಶಕದಡಿ ಇಟ್ಟು, ನಡುವಣ ಟೊಳ್ಳಿನ ಅಗಲವನ್ನು ಭಿತ್ತಿಯ ದಪ್ಪದೊಡನೆ ಹೋಲಿಸಬೇಕು: ಟೊಳ್ಳು ಭಿತ್ತಿಗಿಂತ ಕಿರಿದಾದರೆ ಎಳೆ ಪಕ್ವ, ಭಿತ್ತಿಯ ಇಮ್ಮಡಿಯನ್ನು ಮೀರಿದರೆ ಅಪಕ್ವ, ನಡುವೆ ಇದ್ದರೆ ಅರೆಪಕ್ವ. ಎಳೆಎಳೆಯಾಗಿ ಎಣಿಸಬೇಕಾದ, ಕಣ್ಣನ್ನು ದಣಿಸುವ ಕಾರ್ಯವಿದು. ಆದರೂ ಹೊಲದ ಬರವನ್ನು ಗಿರಣಿಯ ದೋಷದೊಡನೆ ಸಂಖ್ಯೆಯಿಂದ ಜೋಡಿಸಿದ ಮೊದಲ ಪ್ರಯತ್ನಗಳಲ್ಲಿ ಇದಕ್ಕೆ ಗೌರವದ ಸ್ಥಾನವಿರಬೇಕು.

ಇದಕ್ಕೆ ಎರಡು ವರ್ಷ ಮೊದಲು, 1933ರಲ್ಲಿ, ಟರ್ನರರೂ ಅದೇ ಪ್ರಯೋಗಶಾಲೆಯ ವೆಂಕಟರಾಮನ್ನರೂ ಎಳೆಯ ಗುಣಗಳಿಂದ ನೂಲಿನ ಯೋಗ್ಯತೆಯನ್ನು ಮುಂದಾಗಿ ಹೇಳಬಹುದೇ ಎಂಬುದನ್ನು ವಿಚಾರಿಸಿದ್ದರು. ಒಂಟಿ ಎಳೆಯ ಬಲ ಹೆಚ್ಚಾದಂತೆ ನೂಲಿನ ಬಲವೂ ಹೆಚ್ಚಬೇಕೆಂದು ಮೇಲುನೋಟಕ್ಕೆ ತೋರುವುದು ಸಹಜ. ವಸ್ತುಸ್ಥಿತಿ ಹಾಗಿಲ್ಲ. ದಪ್ಪನೆಯ ಎಳೆ ಒಂಟಿಯಾಗಿ ಬಲಿಷ್ಠವಾದರೂ, ಒಂದು ನಂಬರಿನ ನೂಲಿನ ಅಡ್ಡಕೊಯ್ತದಲ್ಲಿ ಅಂಥವು ಕೆಲವೇ ಹಿಡಿಸುತ್ತವೆ; ತೆಳುವಾದ, ಉದ್ದವಾದ ಎಳೆಗಳು ಅನೇಕವಾಗಿ ಸೇರಿ ಒಂದನ್ನೊಂದು ದೀರ್ಘವಾಗಿ ಅಪ್ಪಿ ಹಿಡಿಯುವುದರಿಂದ ನೂಲು ಗಟ್ಟಿಯಾಗುತ್ತದೆ. ಆದ್ದರಿಂದ ಉದ್ದವೂ, ಅಂಗುಲವೊಂದಕ್ಕೆ ಎಷ್ಟು ತೂಕವೆಂಬ ತೆಳುವಿನ ಮಾನವೂ ಪ್ರಧಾನವೆನಿಸಿದವು. ಹೀಗಿದ್ದರೂ ಮಾಟುಂಗಾದವರು ನೂಲುವ ಪರೀಕ್ಷೆಯನ್ನು ಕೈಬಿಡಲಿಲ್ಲ; ಸೂತ್ರ ಹೇಳಿದ್ದನ್ನು ಕದಿರು ಒಪ್ಪಬೇಕೆಂಬ ಹಟವನ್ನು ಉಳಿಸಿಕೊಂಡರು. ಮುಂದೆ ಅಮೆರಿಕದಿಂದ ಬಂದ ಫೈಬ್ರೊಗ್ರಾಫ್, ಮೈಕ್ರೊನೇರ್, ಪ್ರೆಸ್ಲಿಯ ಬಲಮಾಪಕ ಮುಂತಾದ ಉಪಕರಣಗಳು ದಿನಗಳ ಕೆಲಸವನ್ನು ನಿಮಿಷಗಳಿಗೆ ಇಳಿಸಿದುವು.

ಈ ಪ್ರಯೋಗಶಾಲೆಗೆ ಒಮ್ಮೆ ಪುರಾತತ್ತ್ವದ ಕಡೆಯಿಂದಲೂ ಒಂದು ಮಾದರಿ ಬಂದಿತು. ಮೊಹೆಂಜೊದಾರೊವಿನ ಉತ್ಖನನದಲ್ಲಿ ಬೆಳ್ಳಿಯ ಪಾತ್ರೆಯೊಂದಕ್ಕೆ ಅಂಟಿ, ಲೋಹದ ಲವಣಗಳ ದೆಸೆಯಿಂದ ಕೊಳೆಯದೆ ಉಳಿದ ಬಟ್ಟೆಯ ತುಣುಕನ್ನು ಗುಲಾಟಿಯವರೂ ಟರ್ನರರೂ ಪರೀಕ್ಷಿಸಿ, ಜೀರ್ಣವಾದ ಆ ಎಳೆಗಳಲ್ಲಿ ಹತ್ತಿಗೆ ಮಾತ್ರ ವಿಶಿಷ್ಟವಾದ ತಿರುಚನ್ನು ಕಂಡು, ಅದು ನಿಜವಾದ ಹತ್ತಿಯೆಂದೂ, ಇಂದಿನ ದೇಶೀಯ ಒರಟು ಹತ್ತಿಗಳಿಗೆ ಸಮೀಪದ್ದೆಂದೂ ನಿರ್ಣಯಿಸಿದರು. ಈ ನೆಲದ ನೂಲುವ ಪರಂಪರೆಯ ಪ್ರಾಚೀನತೆಗೆ ದೊರೆತ ಪ್ರಬಲ ಸಾಕ್ಷ್ಯ ಬೀಜತಜ್ಞರಿಗಾಗಿ ಕಟ್ಟಿದ ಪರೀಕ್ಷಾಗೃಹದಿಂದ ಬಂದುದು ನನಗೆ ಅತ್ಯಂತ ಸಂತೋಷದ ಸಂಗತಿ.

1947ರ ವಿಭಜನೆಯಿಂದ ಸಿಂಧ ಮತ್ತು ಪಶ್ಚಿಮ ಪಂಜಾಬಗಳ ಉತ್ತಮ ಹತ್ತಿಯ ಹೊಲಗಳು ಗಡಿಯಾಚೆಗೆ ಸೇರಲು, ಗಿರಣಿಗಳು ಇತ್ತ ಉಳಿದು, ಉದ್ದನೆಯ ಎಳೆಯ ಅಭಾವ ತೀವ್ರವಾಯಿತು. ಆಗ ಕರ್ನಾಟಕದ ನೆರವಿಗೆ ಬಂದುದು ಗದಗ 1 ಮತ್ತು ಕಾಂಬೋಡಿಯಾ ಕೊ. 2 ಇವುಗಳ ಸಂಕರದಿಂದ ಹುಟ್ಟಿದ ಲಕ್ಷ್ಮಿ ಹತ್ತಿ. ಆ ಲಕ್ಷ್ಮಿಯನ್ನೇ ತಾಯಿಯಾಗಿರಿಸಿ, ಬಾರ್ಬಡೆನ್ಸ್ ಜಾತಿಯ ಎಸ್‌ಬಿ 289ಇ ಹತ್ತಿಯೊಡನೆ ಕೂಡಿಸಿ, ಧಾರವಾಡದಲ್ಲಿ ಬಿ. ಎಚ್. ಕಟರ್ಕಿಯವರು 1972ರಲ್ಲಿ ವರಲಕ್ಷ್ಮಿಯನ್ನು ಹೊರತಂದರು. 60ಕ್ಕೆ ಮೇಲ್ಪಟ್ಟ ನಂಬರಿನ ನೂಲು ನಮ್ಮ ಎರೆಮಣ್ಣಿನ ಹತ್ತಿಯಿಂದಲೇ ಸಾಧ್ಯವಾಯಿತು. ಧಾರವಾಡ 1, ಗದಗ 1 ಇವೆರಡೂ ಮಾಟುಂಗಾದಲ್ಲಿ ಪ್ರಮಾಣಿತ ಹತ್ತಿಗಳೆಂದು ಸುಗ್ಗಿಸುಗ್ಗಿಗೆ ಪರೀಕ್ಷಿತವಾದವುಗಳು. ಆ ಪರೀಕ್ಷೆಗಳ ಫಲಿತಾಂಶದ ಪಟ್ಟಿಗಳನ್ನು ಅದೇ ವರ್ಷಗಳ ಮಳೆಯ ಲೆಕ್ಕದೊಡನೆಯೂ ಧಾರವಾಡ ಕೃಷಿಕ್ಷೇತ್ರದ ದಾಖಲೆಗಳೊಡನೆಯೂ ಜೋಡಿಸಿ ಓದಿದಲ್ಲಿ, ಗದಗ 1ರ ಗುಣದಲ್ಲಿ ಕಂಡ ಏರಿಳಿತಗಳಲ್ಲಿ ಬೀಜದ ಬೆರಕೆಯ ಪಾಲೆಷ್ಟು, ಹಿಂಗಾರು ಮಳೆಯ ಪಾಲೆಷ್ಟು ಎಂಬುದನ್ನು ಬೇರ್ಪಡಿಸುವುದು ಸಾಧ್ಯವಾಗಬಹುದು.