ಕಡಲ ಮೇಲೆ ತೇಲುವ ಸಿಹಿನೀರು

ಮಂಗಳೂರಿನ ಹಳೆಯ ಬಂದರಿನ ಧಕ್ಕೆಯಲ್ಲಿ ನಿಂತು, ಲಕ್ಷದ್ವೀಪಕ್ಕೆ ಹೊರಡುವ ಮಂಜಿಗಳಿಗೆ ತರಕಾರಿ, ಸಿಮೆಂಟು, ಜಲ್ಲಿ ಏರುವುದನ್ನು ನೋಡುವುದು ನನಗೊಂದು ಚಟ. ಆ ದ್ವೀಪಗಳಲ್ಲಿ ಐದು ಒಂದು ಕಾಲಕ್ಕೆ ನಮ್ಮ ಜಿಲ್ಲೆಗೇ ಸೇರಿದ್ದವೆಂಬುದನ್ನು ಇಂದು ನೆನೆಯುವವರು ಕಡಮೆ. ಅಮೀನಿ, ಕಡಮತ್, ಕಿಲ್ತಾನ್, ಚೆತ್ಲತ್, ಬಿತ್ರಾ: ಇವಕ್ಕೆ ಒಟ್ಟಾಗಿ ಅಮಿನದಿವಿ ಎಂದು ಹೆಸರು. 1780ರ ದಶಕದಲ್ಲಿ ಕಣ್ಣಾನೂರಿನ ಅರಕ್ಕಲ್ ಮನೆತನದ ಕೈಯಿಂದ ಟಿಪ್ಪುವಿನ ಕೈಗೆ ಬಂದು, 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಇಂಗ್ಲಿಷರ ಪಾಲಾದ ಇವು, 1956ರ ನವೆಂಬರ್ 1ರವರೆಗೂ ಮಂಗಳೂರಿನ ಆಡಳಿತದಲ್ಲಿದ್ದವು.

ಆ ಆಡಳಿತದ ಜೀವಾಳವೆಂದರೆ ಕತ್ತದ ಹುರಿ. ದ್ವೀಪದವರು ತಾವು ಹೊಸೆದ ಹುರಿಯನ್ನು ಸರಕಾರಕ್ಕೇ ಕೊಡಬೇಕು. ಸರಕಾರವು ಪ್ರತಿಯಾಗಿ ಅಕ್ಕಿಯನ್ನೂ ಅಷ್ಟಿಷ್ಟು ಹಣವನ್ನೂ ಕೊಡುವುದು. ಬೆಲೆ ಕಟ್ಟುವುದೂ ಸರಕಾರವೇ. ಹುರಿಯನ್ನೂ ಅಕ್ಕಿಯನ್ನೂ ಇಷ್ಟು ಕಟ್ಟುನಿಟ್ಟಾಗಿ ತೂಗಿದ ಆ ಲೆಕ್ಕದಲ್ಲಿ ಒಂದು ಪದಾರ್ಥ ಮಾತ್ರ ಬಿಟ್ಟುಹೋಯಿತು. ಅದು ನೀರು.

ಹೊಳೆಯಿಲ್ಲದ, ಕಡಲಮಟ್ಟಕ್ಕಿಂತ ಕೆಲವೇ ಅಡಿ ಎದ್ದಿರುವ ಹವಳದ ನೆಲದಲ್ಲಿ ಸಿಹಿನೀರು ಎಲ್ಲಿಂದ ಬಂತು? ಮೇಲೆ ಒಂದು, ಒಂದೂವರೆ ಅಡಿ ಹವಳಗಲ್ಲಿನ ಪದರ. ಅದನ್ನು ಒಡೆದರೆ ಒದ್ದೆ ಮರಳು. ನಾಲ್ಕು ಗುದ್ದಲಿ ಮರಳು ತೆಗೆದರೆ ಸಿಹಿನೀರು ಎಂದು ಹಿಂದಿನ ಶತಮಾನಗಳ ಸರಕಾರಿ ಬರಹಗಳು ಹೇಳುತ್ತವೆ. ಕುಡಿಯುವ ಬಾವಿಯೂ, ಮೀಯುವ ಕೊಳವೂ, ತೆಂಗಿನ ಸಿಪ್ಪೆ ನೆನೆಹಾಕುವ ಗುಂಡಿಯೂ ಹೀಗೆಯೇ ಆದವು. ಬಾವಿಯ ನೀರು ಕಡಲಿನ ಉಬ್ಬರವಿಳಿತಗಳೊಡನೆ ತಾನೂ ಏರಿ ಇಳಿಯುವುದು.

ಇದರ ಮರ್ಮವನ್ನು ಶಾಸ್ತ್ರಕ್ಕೆ ತಂದವರು 19ನೆಯ ಶತಮಾನದ ಕೊನೆಗೆ ಡಚ್ಚರ ಗೈಬೆನ್, 1901ರಲ್ಲಿ ಜರ್ಮನಿಯ ಹರ್ಜ್‌ಬರ್ಗ್. ಇಂಗಿದ ಮಳೆನೀರು ಉಪ್ಪುನೀರಿಗಿಂತ ಹಗುರ. ಆದುದರಿಂದ ಅದು ನೆಲದೊಳಗೆ ಕಡಲಿನ ಮೇಲೆ ತೇಲುತ್ತದೆ. ಸಿಹಿನೀರು ಕಡಲಮಟ್ಟಕ್ಕಿಂತ ಒಂದಡಿ ಮೇಲಿದ್ದರೆ ಕೆಳಗೆ ಸುಮಾರು ನಲವತ್ತು ಅಡಿ ಇರಬೇಕೆಂದು ಲೆಕ್ಕ. ಸಣ್ಣ ದ್ವೀಪಗಳಲ್ಲಿ ಉಬ್ಬರವು ಎರಡನ್ನೂ ಕಲಸಿಬಿಡುವುದರಿಂದ ಈ ಪದರ ಇನ್ನೂ ತೆಳು. ಮೇಲೆ ಒಂದಂಗುಲ ಹೆಚ್ಚಾಗಿ ಸೇದಿದರೆ ಕೆಳಗಿನ ಉಪ್ಪು ಹಲವು ಅಂಗುಲ ಏರುತ್ತದೆ. ಕೈಯಿಂದ ಸೇದುತ್ತಿದ್ದ ಕಾಲದಲ್ಲಿ ಸೇದುವವರ ತೋಳಿನ ದಣಿವೇ ಬಾವಿಗೆ ಕಾವಲಾಗಿತ್ತು.

ಕಡಲು ತಾನಾಗಿ ಮುನಿದಾಗ ಆ ಕಾವಲೂ ಸಾಲದು. 1847ರ ಏಪ್ರಿಲ್‌ನಲ್ಲಿ ಅಮಿನದಿವಿಯ ದಕ್ಷಿಣಕ್ಕಿರುವ ಕಲ್ಪೇನಿಯ ಮೇಲೆ ಬಿರುಗಾಳಿಯೊಡನೆ ಕಡಲು ನುಗ್ಗಿತು. ಜನ ಮುಳುಗಿದರು, ತೆಂಗಿನ ತೋಟಗಳು ಉರುಳಿದವು. ಉಳಿದವರಲ್ಲಿ ಅನೇಕರು ಊರು ಬಿಟ್ಟು ಮಲಬಾರಿಗೆ ಹೋದರು.

2011ರ ಜನಗಣತಿಯಂತೆ ಲಕ್ಷದ್ವೀಪದ 32 ಚದರ ಕಿಲೊಮೀಟರಿನಲ್ಲಿ 64,473 ಮಂದಿ. ತೋಳಿನ ಜಾಗಕ್ಕೆ ಪಂಪು ಬಂದಿದೆ; ಪಂಪಿಗೆ ದಣಿವಿಲ್ಲ. ಬಾವಿಯ ಪಕ್ಕದಲ್ಲೇ ಶೌಚದ ಗುಂಡಿ. ಮರಳಿಗೆ ಕೊಳೆಯನ್ನು ತಡೆಯುವ ಶಕ್ತಿಯಿಲ್ಲ. ಇದಕ್ಕೆ ಪರಿಹಾರವಾಗಿ 2005ರಲ್ಲಿ ಕವರತ್ತಿಯಲ್ಲಿ ಕಡಲನೀರನ್ನು ಸಿಹಿ ಮಾಡುವ ಸ್ಥಾವರ ಎದ್ದಿತು. ಮೇಲಿನ ಬೆಚ್ಚನೆಯ ನೀರನ್ನು ಕಡಮೆ ಒತ್ತಡದಲ್ಲಿ ಆವಿ ಮಾಡಿ, ಸುಮಾರು 350 ಮೀಟರ್ ಆಳದ ತಣ್ಣೀರಿನಿಂದ ಆ ಆವಿಯನ್ನು ತಣಿಸುವ ಈ ಉಪಾಯದಿಂದ ದಿನಕ್ಕೆ ಒಂದು ಲಕ್ಷ ಲೀಟರು ಸಿಗುತ್ತದೆಂದು ಎಣಿಕೆ. ನಮ್ಮ ಹಳೆಯ ಕಡಮತ್‌ನಲ್ಲಿಯೂ 2024ರ ಜನವರಿಯಲ್ಲಿ ಇಂಥದೊಂದು ಉದ್ಘಾಟನೆಯಾಯಿತು.

ಬಾಯಾರಿದವರಿಗೆ ಯಂತ್ರ ಬೇಡವೆನ್ನಲು ನಾನಾರು? ಆದರೆ ಅದು ನಡೆಯಲು ವಿದ್ಯುತ್ತು ಬೇಕು, ಅಲ್ಲಿಯ ವಿದ್ಯುತ್ತಿಗೆ ಬಹುಪಾಲು ಹಡಗಿನಲ್ಲಿ ಬರುವ ಡೀಸೆಲ್ ಬೇಕು. ಅಂದು ಅಕ್ಕಿಗಾಗಿ ದಡದ ಕಡೆ ನೋಡಿದವರು ಇಂದು ನೀರಿಗಾಗಿಯೂ ನೋಡಬೇಕಾಗಿದೆ. ಹಡಗು ತಡವಾದ ದಿನ ಅವರಿಗೆ ಉಳಿಯುವುದು ಮಾಡಿನ ಮೇಲೆ ಬಿದ್ದ ಮಳೆನೀರು, ಮತ್ತು ಹವಳದಡಿಯ ಆ ತೆಳುವಾದ ಪದರ. ಅದನ್ನು ಕಾಯುವ ಖರ್ಚನ್ನು ಈಗಲಾದರೂ ಲೆಕ್ಕದ ಪುಸ್ತಕದಲ್ಲಿ ಬರೆಯಬೇಕು.