ಧನುಷ್ಕೋಡಿ ರೈಲು ಮಾರ್ಗ: ಸೇತುವೆ ಎದ್ದಿತು, ಊರು ಏಳಲಿಲ್ಲ

ಧನುಷ್ಕೋಡಿ ಅಂದ್ರೆ ಇವತ್ತು ಸೆಲ್ಫಿ ಸ್ಪಾಟ್. ಅಲ್ಲಿ ಮರಳಲ್ಲಿ ನಿಂತಿರೋ ರೈಲು ನಿಲ್ದಾಣದ ಮುರುಕು ಗೋಡೆಗಳು ನನಗೆ ವಲಸೆಯ ದಾಖಲೆಯಂತೆ ಕಾಣುತ್ತವೆ.

1914ರಲ್ಲಿ ಪಾಂಬನ್ ಸೇತುವೆ ತೆರೆಯಿತು. ಮದ್ರಾಸಿನಿಂದ ಬೋಟ್ ಮೇಲ್ ಹತ್ತಿದವರು ಮೀಟರ್ ಗೇಜ್ ಹಳಿಯಲ್ಲಿ ಧನುಷ್ಕೋಡಿ ತಲುಪಿ, ಹಡಗಿನಲ್ಲಿ ತಲೈಮನ್ನಾರ್‌ಗೆ ದಾಟಿ, ಮತ್ತೆ ರೈಲು ಹಿಡಿದು ಕೊಲಂಬೊ ಸೇರುತ್ತಿದ್ದರು. ಸಿಲೋನಿನ ಚಹಾ ತೋಟಗಳಿಗೆ ಹೋದ ತಮಿಳು ಕಾರ್ಮಿಕರ ದಾರಿಯೂ ಇದೇ.

1964ರ ಅಕ್ಟೋಬರ್ 30ರಂದು ಸಿರಿಮಾವೊ–ಶಾಸ್ತ್ರಿ ಒಪ್ಪಂದವಾಯ್ತು. ಭಾರತೀಯ ಮೂಲದ 5.25 ಲಕ್ಷ ಜನರನ್ನು ಭಾರತ ವಾಪಸ್ ಕರೆಸಿಕೊಳ್ಳಬೇಕು ಅಂತ ತೀರ್ಮಾನ. ಆ ಕಾರ್ಮಿಕರನ್ನು ಯಾರೂ ಕೇಳಲಿಲ್ಲ. ಎರಡು ತಿಂಗಳೊಳಗೆ, ಡಿಸೆಂಬರ್ 22–23ರ ರಾತ್ರಿ, ಚಂಡಮಾರುತ ಊರನ್ನೂ ಹಳಿಯನ್ನೂ ನುಂಗಿತು. ನಿಲ್ದಾಣದ ಸಮೀಪಕ್ಕೆ ಬಂದಿದ್ದ ಪ್ಯಾಸೆಂಜರ್ ರೈಲಿನ ನೂರಕ್ಕೂ ಹೆಚ್ಚು ಜನ ಸಮುದ್ರಪಾಲಾದರು.

ಎಂಜಿನಿಯರಿಂಗ್ ಓದಿದ ನನ್ನನ್ನು ಕಾಡೋದು ಆಮೇಲಿನ ಲೆಕ್ಕ. ಇ. ಶ್ರೀಧರನ್ ನೇತೃತ್ವದಲ್ಲಿ ಪಾಂಬನ್ ಸೇತುವೆ 46 ದಿನಗಳಲ್ಲಿ ದುರಸ್ತಿಯಾಯ್ತು. ಧನುಷ್ಕೋಡಿಗೆ ಸಿಕ್ಕಿದ್ದು 'ವಾಸಕ್ಕೆ ಯೋಗ್ಯವಲ್ಲ' ಅನ್ನೋ ಸರ್ಕಾರಿ ಘೋಷಣೆ. ಹಡಗು ರಾಮೇಶ್ವರಕ್ಕೆ ಹೋಯ್ತು, ಮೀನುಗಾರರು ಮಾತ್ರ ಗುಡಿಸಲು ಕಟ್ಟಿಕೊಂಡು ಅಲ್ಲೇ ಉಳಿದರು.

2019ರಲ್ಲಿ ಹೊಸ ಹಳಿಗೆ ಶಂಕುಸ್ಥಾಪನೆಯೂ ಆಯ್ತು. ಹಳಿ ಬೇಕೋ ಬೇಡವೋ ಅನ್ನೋ ಪ್ರಶ್ನೆಯನ್ನು ಈ ಸಲವಾದರೂ ಮೊದಲು ಆ ಗುಡಿಸಲುಗಳಲ್ಲಿ ಕೇಳಬೇಕು.